ಹಿಂದೆ ಉಳಿದವನ ಓಟ

ಕರ್ಮವು ಸಣ್ಣದಾದರೂ ನಿರಂತರವಾಗಿದ್ದರೆ ಅದು ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿ(ಸ) ಕಲಿಸಿದ್ದಾರೆ. ನಮಾಝ್, ಕುರ್‌ಆನ್ ಪಾರಾಯಣ, ದಾನಧರ್ಮಗಳ ಬಗ್ಗೆ ಮಾತನಾಡುವಾಗ ಈ ಹದೀಸನ್ನು ನಾವು ಆಗಾಗ ಕೇಳುತ್ತೇವೆ. ಶರೀರಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದವರೂ ಅದೇ ಪ್ರವಾದಿ(ಸ)ಯವರು. ಆದರೆ ವ್ಯಾಯಾಮದ ವಿಷಯ ಬಂದಾಗ ಈ ಎರಡು ಮಾತುಗಳನ್ನು ಜೋಡಿಸಿ ನೋಡುವವರು ಕಡಿಮೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ರಸ್ತೆಗಳಲ್ಲಿ ಬೆಳಗಿನ ಜಾವ ಓಡುವ ತರುಣರಿದ್ದಾರೆ. ಸೈನ್ಯಕ್ಕೋ ಪೊಲೀಸ್ ಇಲಾಖೆಗೋ ಸೇರಬಯಸುವವರು ಕೆಲವರು, ಆರೋಗ್ಯಕ್ಕಾಗಿ ಓಡುವವರು ಕೆಲವರು. ಕೂಡಿ ಹೊರಟ ಗುಂಪು ದಿನ ಕಳೆದಂತೆ ಕರಗುತ್ತದೆ. ಬಿಟ್ಟವರೆಲ್ಲ ಸೋಮಾರಿಗಳಲ್ಲ. ದಿನವೂ ಗೆಳೆಯರ ಬೆನ್ನನ್ನೇ ನೋಡುತ್ತಾ ಓಡಬೇಕಾದವನ ಮನಸ್ಸು ಕಾಲಿಗಿಂತ ಮೊದಲೇ ಸೋತಿರುತ್ತದೆ. ನಮ್ಮದು ವೇಗಕ್ಕೆ ಮಾರುಹೋದ ಸೀಮೆ. ಕೊಬ್ಬರಿ ಹೋರಿ ಕ್ಷಣಾರ್ಧದಲ್ಲಿ ದಾಟಿಹೋಗುವುದನ್ನು ನೋಡಲು ಊರಿಗೆ ಊರೇ ನೆರೆಯುತ್ತದೆ. ದೂರದ ಓಟದ ಲೆಕ್ಕವೇ ಬೇರೆ.

1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಮ್ಯಾರಥಾನ್ ನೋಡಿ. ಅದು 42 ಕಿಲೋಮೀಟರಿಗೂ ತುಸು ಹೆಚ್ಚಿನ ಓಟ. ಹಾನಗಲ್ಲಿನಿಂದ ಹಾವೇರಿಗೆ ಓಡಿದರೂ ಅಷ್ಟು ದೂರವಾಗುವುದಿಲ್ಲ. ಹೊರಟವರು 124 ಮಂದಿ, ಮುಗಿಸಿದವರು 111 ಮಂದಿ. ದಕ್ಷಿಣ ಆಫ್ರಿಕಾದ ಜೋಸಿಯಾ ಥುಗ್ವಾನೆ 2 ಗಂಟೆ 12 ನಿಮಿಷಗಳಲ್ಲಿ ಗೆದ್ದರು. ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ಅಫ್ಘಾನಿಸ್ತಾನದ ಅಬ್ದುಲ್ ಬಸೀರ್ ವಾಸಿಕಿ ಕಾಲುನೋವಿನಿಂದ ಕುಂಟುತ್ತಾ 4 ಗಂಟೆ 24 ನಿಮಿಷಗಳಿಗೆ ಕ್ರೀಡಾಂಗಣ ತಲುಪಿದರು. ಅಲ್ಲಿ ಆಗಲೇ ಸಮಾರೋಪಕ್ಕೆ ಸಿದ್ಧತೆ ನಡೆದಿತ್ತು. ಅಲ್ಲಿದ್ದ ಕೆಲಸಗಾರರೇ ಅವರಿಗಾಗಿ ಗುರಿಯ ಗೆರೆಯಲ್ಲಿ ಒಂದು ಪ್ಲಾಸ್ಟಿಕ್ ಪಟ್ಟಿ ಹಿಡಿದು ನಿಂತರು. ನಡುದಾರಿಯಲ್ಲಿ ಬಿಟ್ಟ 13 ಮಂದಿಯಲ್ಲಿ ವಾಸಿಕಿಗಿಂತ ವೇಗದವರು ಇದ್ದಿರಲೇಬೇಕು. ಆದರೂ ಓಟ ಮುಗಿಸಿದವರ ಪಟ್ಟಿಯಲ್ಲಿರುವುದು ವಾಸಿಕಿಯ ಹೆಸರು.

ಇಲ್ಲೊಂದು ಸೂಕ್ಷ್ಮವಿದೆ. ಗೆದ್ದವನು ದಾರಿಯಲ್ಲಿ ಕಳೆದ ಸಮಯದ ಸುಮಾರು ಎರಡರಷ್ಟನ್ನು ಕೊನೆಯವನು ಕಳೆದ. ಅಂದರೆ ನಿಧಾನದವನದು ಕಡಿಮೆ ಶ್ರಮವಲ್ಲ, ಹೆಚ್ಚು ಹೊತ್ತಿನ ಶ್ರಮ. ಅದೂ ಚಪ್ಪಾಳೆ ತಟ್ಟುವವರು ಮನೆಗೆ ಹೋದ ಮೇಲಿನದು. ತೋರಿಕೆಗೆ ಓಡುವವನು ಅಲ್ಲಿಗೆ ನಿಲ್ಲುತ್ತಾನೆ. ಮುಂದಕ್ಕೆ ಹೋಗುವವನ ನಿಯ್ಯತ್ ಏನೆಂಬುದು ಅವನಿಗೇ ತಿಳಿಯುವ ಘಳಿಗೆ ಅದು. ರಿಯಾದಿಂದ ಪಾರಾಗುವ ಇಂತಹ ಅವಕಾಶ ವೇಗದ ಓಟಗಾರನಿಗೆ ಸುಲಭವಾಗಿ ಸಿಗುವುದಿಲ್ಲ.

ಪ್ರವಾದಿ(ಸ) ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಕಟ್ಟಿದ ಪ್ರಸಂಗ ಪ್ರಸಿದ್ಧ. ಮೊದಲ ಸಲ ಆಯಿಶಾ(ರ) ಗೆದ್ದರು. ಕೆಲವು ಕಾಲದ ಬಳಿಕ ಅವರ ಮೈ ತುಂಬಿದಾಗ ಪ್ರವಾದಿ(ಸ) ಗೆದ್ದು, ಅದು ಇದಕ್ಕೆ ಸರಿಯಾಯಿತೆಂದು ನಕ್ಕರು. ಇಬ್ಬರಲ್ಲಿ ಯಾರೂ ಇನ್ನೊಬ್ಬರ ಓಟವನ್ನು ಹೀಯಾಳಿಸಲಿಲ್ಲ. ನಮ್ಮ ಮನೆಗಳಲ್ಲಾದರೋ, ಬೆವರು ಸುರಿಸಿ ಬಂದ ಮಗನಿಗೆ "ಆಮೆ ಬಂತು" ಎನ್ನುವ ಅಣ್ಣ, ಅಕ್ಕ, ಕೆಲವೊಮ್ಮೆ ಅಬ್ಬಾ ಕೂಡ ಇದ್ದಾರೆ. ಪರಿಹಾಸ್ಯ ಮಾಡಬಾರದೆಂಬ ಸೂರಃ ಹುಜುರಾತ್‌ನ ಆದೇಶ ಊಟದ ಚಾಪೆಗೂ ಅನ್ವಯಿಸುತ್ತದಲ್ಲವೇ?

ಇನ್ನು ಓಡುವವನಿಗೆ ಕೆಲವು ಮಾತು. ಪಕ್ಕದವನೊಂದಿಗೆ ಮಾತನಾಡಲು ಉಸಿರು ಉಳಿಯುವಷ್ಟೇ ವೇಗದಲ್ಲಿ ಹೆಚ್ಚಿನ ದಿನಗಳು ಓಡಿರಿ. ಕೆಲವೇ ವಾರಗಳಲ್ಲಿ ಉಸಿರು ಪಳಗುತ್ತದೆ. ಎಲುಬು ಮತ್ತು ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರನ್ನು ನಂಬಿ ಅವಸರಪಟ್ಟವರ ಮೊಳಕಾಲು ಮುರಿದುಬೀಳುವುದು ಇದರಿಂದಲೇ. ನಡುನಡುವೆ ನಡೆದರೆ ಅವಮಾನವೇನಿಲ್ಲ. ಪುಟ್ಟ ವಹಿಯಲ್ಲಿ ತಾರೀಖು, ದೂರ, ಸಮಯ ಬರೆದಿಡಿ. ಹೋಲಿಕೆ ಹೋದ ತಿಂಗಳ ನಿಮ್ಮೊಂದಿಗೆ ಇರಲಿ. ನಿಧಾನದವರು ಬಿಸಿಲಲ್ಲಿ ಹೆಚ್ಚು ಹೊತ್ತು ಇರುವುದರಿಂದ ಫಜ್ರ್ ನಮಾಝ್ ಮುಗಿದೊಡನೆ ಹೊರಡುವುದು ಒಳ್ಳೆಯದು. ದೂರದ ಓಟವಾದರೆ ನೀರು ಜೊತೆಗಿರಲಿ. ಶಿಗ್ಗಾಂವಿಯ ಕಡೆಯವರು ಹೆದ್ದಾರಿಯನ್ನು ಬಿಟ್ಟು ಶಾಲಾ ಮೈದಾನ ಹಿಡಿಯುವುದು ಲೇಸು. ಎದೆನೋವು, ಸಕ್ಕರೆ ಕಾಯಿಲೆ ಇದ್ದವರು ಮೊದಲು ವೈದ್ಯರನ್ನು ಕಾಣಬೇಕು.

ರಂಝಾನಿನಲ್ಲಿ ನಿಲ್ಲಿಸಿ ಮತ್ತೆ ಆರಂಭಿಸದವರೂ ಇದ್ದಾರೆ. ಉಪವಾಸದ ದಿನಗಳಲ್ಲಿ ದೂರವನ್ನು ಅರ್ಧಕ್ಕೋ ಕಾಲುಭಾಗಕ್ಕೋ ಇಳಿಸಿ, ಇಫ್ತಾರಿಗೆ ಅರ್ಧ ಗಂಟೆ ಮೊದಲು ಮನೆಯ ಹತ್ತಿರವೇ ಮೆಲ್ಲನೆ ಓಡಿರಿ. ತಲೆ ಸುತ್ತಿದರೆ ಅಂದಿಗೆ ನಿಲ್ಲಿಸಿ, ನಾಳೆ ನಡೆಯಿರಿ.