ಇಬ್ಬರಿಗೊಂದು ಡೇರೆ: ಕೊಳ್ಳುವುದೇನು, ಹೊಲಿಯುವುದೇನು?

ಸಕಲೇಶಪುರ, ಆಲೂರು ಸೀಮೆಯ ಗುಡ್ಡಗಳಲ್ಲಿ ಒಂದೆರಡು ರಾತ್ರಿ ತಂಗಿಬರಲು ಹೊರಡುವ ದಂಪತಿಗಳು ಮೊದಲು ಹಣ ಸುರಿಯುವುದು ಡೇರೆಗೆ. ಹೊದಿಕೆಗೆ ಎರಡನೆಯ ಸ್ಥಾನ. ನೆಲಕ್ಕೆ ಹಾಸುವುದೇನೆಂಬ ಯೋಚನೆ ಬರುವುದು ಕಟ್ಟಕಡೆಗೆ. ಭೌತಶಾಸ್ತ್ರವನ್ನು ಕೇಳಿದರೆ ಈ ಕ್ರಮ ತಲೆಕೆಳಗಾಗಿದೆ ಎಂದೇ ಹೇಳೀತು.

ಒಂದು ಸಣ್ಣ ಲೆಕ್ಕ ಮಾಡೋಣ. ನಿದ್ರಿಸುವ ವಯಸ್ಕನ ಶರೀರವು ಸುಮಾರು 75 ವಾಟ್ ದರದಲ್ಲಿ ಉಷ್ಣವನ್ನು ಉತ್ಪಾದಿಸುತ್ತದೆ. ನೆಲಕ್ಕೆ ಒತ್ತಿಕೊಂಡ ಮೈಯ ವಿಸ್ತೀರ್ಣ ಅರ್ಧ ಚದರ ಮೀಟರ್, ಚರ್ಮದ ಉಷ್ಣತೆ 33 ಡಿಗ್ರಿ, ನೆಲದ್ದು 18 ಡಿಗ್ರಿ ಎಂದಿಟ್ಟುಕೊಳ್ಳಿ. ಹಾಸಿರುವುದು ಕಂಬಳಿ. ಕಂಬಳಿಯ ಬೆಚ್ಚನೆಯ ಗುಣವಿರುವುದು ಎಳೆಗಳ ನಡುವೆ ಸೆರೆಸಿಕ್ಕ ಗಾಳಿಯಲ್ಲಿ. ಮೈಭಾರಕ್ಕೆ ಆ ಗಾಳಿ ಹೊರಟುಹೋಗಿ ಕಂಬಳಿ 3 ಮಿಲಿಮೀಟರಿನಷ್ಟಕ್ಕೆ ಅಮುಕಿಹೋಯಿತೆನ್ನೋಣ. ಅದರ ಉಷ್ಣವಾಹಕತೆಯನ್ನು 0.05 ಎಂದು ಹಿಡಿದರೆ, ನೆಲಕ್ಕೆ ಹರಿಯುವ ಉಷ್ಣ 0.05 × 0.5 × 15 ÷ 0.003, ಅಂದರೆ 125 ವಾಟ್. ಆದಾಯ 75, ಖರ್ಚು 125! ಮಣ್ಣು ಕಾದಂತೆಲ್ಲ ಈ ಸೋರಿಕೆ ಇಳಿಯುತ್ತದೆಂಬುದು ನಿಜ. ಆದರೆ ಅಷ್ಟರಲ್ಲಿ ನಿದ್ರೆ ಹಾರಿಹೋಗಿರುತ್ತದೆ.

ಕಂಬಳಿಯ ಬದಲು 1 ಸೆಂಟಿಮೀಟರ್ ದಪ್ಪದ ಫೋಮ್ ಹಾಸು ಇದ್ದರೆ? ಇದರ ಗುಳ್ಳೆಗಳು ಒಂದೊಂದೂ ಪ್ರತ್ಯೇಕವಾಗಿ ಮುಚ್ಚಿಕೊಂಡಿರುವುದರಿಂದ ಗಾಳಿ ಓಡಿಹೋಗಲಾರದು. ವಾಹಕತೆ 0.04 ಎಂದು ಹಿಡಿದರೆ ಸೋರಿಕೆ 30 ವಾಟ್ ಮಾತ್ರ. ಕೈಯಲ್ಲಿರುವ ಹಣದಲ್ಲಿ ಮೊದಲು ಕೊಳ್ಳಬೇಕಾದದ್ದು ಇದನ್ನು. ಮನೆಯಲ್ಲಿರುವ ತೆಳುವಾದ ಯೋಗದ ಚಾಪೆಯೊಂದೇ ಸಾಲದು. ಎರಡು ಪದರ ಹಾಸಿದರೆ ನಡೆದೀತು.

ಕಂಬಳಿಯ ಸ್ಥಾನ ಮೈಯ ಮೇಲೆ. ಉಣ್ಣೆಯು ತನ್ನ ತೂಕದ ಮೂರನೆಯ ಒಂದರಷ್ಟು ನೀರಾವಿಯನ್ನು ಹೀರಿಕೊಂಡರೂ ಮುಟ್ಟಲು ಒದ್ದೆಯೆನಿಸದು. ಹೀರುವಾಗ ಸ್ವಲ್ಪ ಉಷ್ಣವನ್ನೂ ಬಿಟ್ಟುಕೊಡುತ್ತದೆ. ಕಂಬಳಿಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ನಾಟಿ ಮಾಡುತ್ತಿದ್ದ ಮಲೆನಾಡಿಗರಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಇಬ್ಬರಿಗೆ ಎರಡು ಹೊದಿಕೆಗಳ ಬದಲು ಎರಡನ್ನೂ ಅಂಚು ಸೇರಿಸಿ ಹೊಲಿದ ಒಂದೇ ಅಗಲದ ಹೊದಿಕೆ ಮೇಲು. ಒಬ್ಬರಿಗೊಬ್ಬರು ತಾಗಿರುವ ಪಾರ್ಶ್ವಗಳಿಂದ ಉಷ್ಣ ಹೊರಕ್ಕೆ ಹೋಗುವುದಿಲ್ಲವಷ್ಟೆ. ಹೊದಿಕೆಯನ್ನು ಎಳೆದುಕೊಳ್ಳುವ ಜಗಳಕ್ಕೆ ಮಾತ್ರ ಭೌತಶಾಸ್ತ್ರದಲ್ಲಿ ಪರಿಹಾರವಿಲ್ಲ.

ಇನ್ನು ಸೂರು. ಡಿಸೆಂಬರ್ ಜನವರಿಗಳ ನಿರ್ಮಲ ರಾತ್ರಿಯಲ್ಲಿ ಡೇರೆಯ ಬಟ್ಟೆ ಆಕಾಶದ ಕಡೆಗೆ ಉಷ್ಣವನ್ನು ವಿಕಿರಣ ಮಾಡುತ್ತ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗೆ ಮಲಗಿದ ಇಬ್ಬರ ಉಸಿರು ಮತ್ತು ಚರ್ಮಗಳಿಂದ ರಾತ್ರಿಯಲ್ಲಿ ಕಾಲು ಲೀಟರಿಗೆ ಕಡಮೆಯಿಲ್ಲದಷ್ಟು ನೀರು ಆವಿಯಾಗಿ ಹೊರಬೀಳುತ್ತದೆ. ಅದು ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟುತ್ತದೆ. ಬೆಳಗ್ಗೆ “ಡೇರೆ ಸೋರುತ್ತಿದೆ” ಎಂದು ಅಂಗಡಿಯವನನ್ನು ಬೈಯುವವರು ಬೈಯುತ್ತಿರುವುದು ತಮ್ಮ ಉಸಿರನ್ನೇ! ಕಿಂಡಿಗಳನ್ನು ತೆರೆದಿಡುವುದು, ಮರದ ನೆರಳಿನಲ್ಲಿ ಕಟ್ಟುವುದು, ಇವೆರಡೇ ಇದಕ್ಕೆ ಮದ್ದು.

ಹಾಗಾದರೆ ಒಣ ಕಾಲಕ್ಕೆ ಎರಡು ಕಡೆ ತೆರೆದ ಇಳಿಜಾರು ಚಪ್ಪರವೇ ಸಾಕಲ್ಲವೆ? ಸಾಕು, ಅದನ್ನು ಮನೆಯಲ್ಲೇ ಹೊಲಿಯಬಹುದು. ಒಂದೂವರೆ ಮೀಟರ್ ಅಗಲದ, ದಟ್ಟ ನೇಯ್ಗೆಯ ಹತ್ತಿಬಟ್ಟೆಯ ಎರಡು ಪಟ್ಟಿಗಳನ್ನು, ಮೂರು ಮೂರು ಮೀಟರ್ ಉದ್ದಕ್ಕೆ, ಅಂಚುಗಳನ್ನು ಒಂದರೊಳಗೊಂದು ಮಡಿಸಿ ಎರಡು ಸಾಲು ಹೊಲಿಯಿರಿ. ಹತ್ತಿಯ ದಾರವನ್ನೇ ಬಳಸಿ. ನೆನೆದಾಗ ಅದು ಉಬ್ಬಿ ಸೂಜಿಯ ರಂಧ್ರವನ್ನು ಮುಚ್ಚುತ್ತದೆ. ಬಟ್ಟೆಯನ್ನು ಸಾಬೂನಿನ ಬಿಸಿ ದ್ರಾವಣದಲ್ಲಿ ಅದ್ದಿ, ಹಿಂಡಿ, ಒಣಗಿಸಿ, ಬಳಿಕ ಪಟಿಕದ ದ್ರಾವಣದಲ್ಲಿ ಅದ್ದಿರಿ. ಎಳೆಗಳೊಳಗೆ ನೀರಿನಲ್ಲಿ ಕರಗದ ಅಲ್ಯೂಮಿನಿಯಂ ಸಾಬೂನು ಕೂರುತ್ತದೆ. ನೀರಿನ ಹನಿ ಹರಡದೆ ಉರುಳುತ್ತದೆ, ಗಾಳಿಯಾದರೋ ಆಡುತ್ತದೆ. ಮೂಲೆಗಳಲ್ಲಿ ಉರುಟಾದ ಕಲ್ಲೊಂದನ್ನು ಬಟ್ಟೆಯೊಳಗಿಟ್ಟು ಅದರ ಕುತ್ತಿಗೆಗೆ ಹಗ್ಗ ಬಿಗಿದರೆ ಹಿತ್ತಾಳೆಯ ಬಳೆಯೂ ಬೇಡ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸಕಲೇಶಪುರದ ಮಳೆಗೆ ಈ ಬಟ್ಟೆ ತಡೆಯದು. ಇಂಬಳಗಳ ಆ ಕಾಲದಲ್ಲಿ ಹೆಂಚಿನ ಮಾಡೇ ಲೇಸು.

ಒಲೆಯನ್ನು ಕೊಳ್ಳಿರಿ, ಮಾಡಲು ಹೋಗಬೇಡಿ. ಸುಮಾರು 950 ಮೀಟರ್ ಎತ್ತರದ ಸಕಲೇಶಪುರದಲ್ಲಿ ನೀರು ಕುದಿಯುವುದು 97 ಡಿಗ್ರಿಯ ಹತ್ತಿರ. ಅನ್ನ ಬೇಯಲು ತುಸು ತಡವಾಗುತ್ತದೆ, ಅಷ್ಟೆ. ಕಟ್ಟುನಿಟ್ಟಾಗಿ ಪಾಲಿಸಬೇಕಾದ ನಿಯಮ ಬೇರೊಂದಿದೆ: ಎಷ್ಟೇ ಚಳಿಯಾದರೂ ಡೇರೆಯೊಳಗೆ ಒಲೆಯನ್ನಾಗಲಿ ಕೆಂಡದ ಅಗ್ಗಿಷ್ಟಿಕೆಯನ್ನಾಗಲಿ ಇಡಕೂಡದು. ಗಾಳಿ ಸಾಲದ ಉರಿಯಿಂದ ಹೊರಡುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೆಯೇ ಹೋಗಬಹುದು.

ಡೇರೆಯನ್ನು ಎಲ್ಲಿ ಹಾಕುವುದು? ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಕಣಿವೆಗೆ ಇಳಿದು ನಿಲ್ಲುವುದರಿಂದ ಹಳ್ಳದ ದಂಡೆಗಿಂತ ಗುಡ್ಡದ ನಡುಮೈ ಬೆಚ್ಚಗಿರುತ್ತದೆ. ಆದರೆ ಈ ಎರಡು ತಾಲ್ಲೂಕುಗಳಲ್ಲಿ ಕಾಡಾನೆಗಳು ರಾತ್ರಿಯಲ್ಲಿ ಕಾಫಿತೋಟಗಳ ನಡುವೆಯೇ ಸಂಚರಿಸುತ್ತವೆ. ಅವುಗಳ ಮುಂದೆ ಯಾವ ಡೇರೆಯೂ ಬರಿಯ ಬಟ್ಟೆ. ಮೀಸಲು ಅರಣ್ಯದಲ್ಲಿ ಇಲಾಖೆಯ ಅನುಮತಿಯಿಲ್ಲದೆ ತಂಗುವಂತೆಯೂ ಇಲ್ಲ. ತೋಟದ ಯಜಮಾನರನ್ನು ಕೇಳಿ ಮನೆಯಂಗಳದಲ್ಲೇ ಡೇರೆ ಹಾಕಿ. ಕಣ ಸಪಾಟಾಗಿದೆಯೆಂದು ಆಸೆಪಡಬೇಡಿ. ಒಣ ಚಳಿಗಾಲದಲ್ಲಿ ಅಲ್ಲಿ ಕಾಫಿ ಒಣಗುತ್ತಿರುತ್ತದೆ.