ಗಣಕೋದ್ಯೋಗಕ್ಕೆ ಅರ್ಹತಾ ಪರೀಕ್ಷೆಗಳು

ವೈದ್ಯವೃತ್ತಿಯನ್ನು ಕೈಗೊಳ್ಳಬೇಕಾದರೆ ವೈದ್ಯಶಾಸ್ತ್ರದ ಪದವಿ ಬೇಕು. ನ್ಯಾಯಾಲಯದಲ್ಲಿ ನಿಂತು ವಾದಿಸಬೇಕಾದರೆ ವಕೀಲರ ಸನ್ನದು ಬೇಕು. ಕಂಪ್ಯೂಟರುಗಳ ಉದ್ಯೋಗದಲ್ಲಿ ಇಂಥ ಕಟ್ಟಳೆಯಿಲ್ಲ. ದೊಡ್ಡ ಸಂಸ್ಥೆಯೊಂದರ ಕಂಪ್ಯೂಟರು ಜಾಲವನ್ನು ನೋಡಿಕೊಳ್ಳುವವನು ಇಂಥದೇ ಪದವಿಯನ್ನು ಪಡೆದಿರಬೇಕೆಂದು ಯಾವ ಕಾನೂನೂ ವಿಧಿಸಿಲ್ಲ. ಈ ಸ್ವಾತಂತ್ರ್ಯದಿಂದ ಬಡವರ ಮಕ್ಕಳಿಗೆ ಒಂದು ಬಾಗಿಲು ತೆರೆದಂತಾಗಿದೆ. ಹಾಗೆಯೇ ಒಂದು ತೊಡಕೂ ಹುಟ್ಟಿದೆ. ಕೆಲಸ ಕೇಳಿಕೊಂಡು ಬಂದ ತರುಣನಿಗೆ ವಿದ್ಯೆ ನಿಜವಾಗಿ ತಿಳಿದಿದೆಯೋ ಇಲ್ಲವೋ ಎಂಬುದನ್ನು ಕೆಲಸ ಕೊಡುವವನು ಅರ್ಧ ಗಂಟೆಯ ಸಂದರ್ಶನದಲ್ಲಿ ಹೇಗೆ ಅರಿಯಬೇಕು? ಈ ತೊಡಕಿನಿಂದಲೇ ಅರ್ಹತಾ ಪರೀಕ್ಷೆಗಳು ಹುಟ್ಟಿಕೊಂಡವು.

ಮೈಕೇಲ್ ಸ್ಪೆನ್ಸ್ ಎಂಬ ಅರ್ಥಶಾಸ್ತ್ರಜ್ಞನು 1973ರಲ್ಲಿ ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ವಿಚಾರಮಾಡಿದನು. 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಮೂವರಲ್ಲಿ ಇವನೂ ಒಬ್ಬನು. ಇವನ ವಾದದ ತಿರುಳು ಸರಳವಾದುದು. ಕಣ್ಣಿಗೆ ಕಾಣದ ಸಾಮರ್ಥ್ಯಕ್ಕೆ ಕಾಣುವ ಗುರುತೊಂದು ಬೇಕು. ಆದರೆ ಆ ಗುರುತನ್ನು ಸಂಪಾದಿಸುವುದು ಸಮರ್ಥನಿಗೆ ಸುಲಭವಾಗಿಯೂ ಅಸಮರ್ಥನಿಗೆ ಬಲು ಕಷ್ಟವಾಗಿಯೂ ಇರಬೇಕು. ಇಬ್ಬರಿಗೂ ಒಂದೇ ಬೆಲೆಗೆ ಸಿಕ್ಕುವ ಗುರುತಿನಿಂದ ಯಾರನ್ನೂ ಬೇರ್ಪಡಿಸಲಾಗದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಉಪಯೋಗವಿದೆ.

ಅಮೆರಿಕದ ಸಿಸ್ಕೋ ಸಂಸ್ಥೆಯು 1993ರಲ್ಲಿ ಸಿ.ಸಿ.ಐ.ಇ. ಎಂಬ ಪರೀಕ್ಷೆಯನ್ನು ಆರಂಭಿಸಿತು. ಅಭ್ಯರ್ಥಿಯು ನಿಜವಾದ ಯಂತ್ರಗಳ ಮುಂದೆ ಕುಳಿತು, ಜಾಲವನ್ನು ಕಟ್ಟಿ, ಕೆಟ್ಟದ್ದನ್ನು ಸರಿಪಡಿಸಬೇಕಾಗಿತ್ತು. ಮೊದಲು ಇದು ಎರಡು ದಿನಗಳ ಪರೀಕ್ಷೆಯಾಗಿದ್ದಿತು. 2001ರಿಂದ ಒಂದು ದಿನಕ್ಕೆ, ಎಂದರೆ ಎಂಟು ಗಂಟೆಗಳಿಗೆ, ಇಳಿಯಿತು. ತೇರ್ಗಡೆಯಾದವರಿಗೆ ಕ್ರಮಸಂಖ್ಯೆ ಕೊಡುವ ಪದ್ಧತಿಯುಂಟು. ಆ ಸಂಖ್ಯೆಗಳು ಒಂದರಿಂದ ಆರಂಭವಾಗದೆ, ಎರಡರ ಹತ್ತನೆಯ ಘಾತವಾದ 1024ರಿಂದ ಆರಂಭವಾದವು. ಆ ಮೊದಲ ಸಂಖ್ಯೆಯನ್ನೂ ಮನುಷ್ಯನಿಗೆ ಕೊಡದೆ ಪ್ರಯೋಗಾಲಯಕ್ಕೇ ಕೊಟ್ಟರು. ಗಣಕಶಾಸ್ತ್ರದವರ ವಿನೋದ ಇಂಥದು! ಈಗ ಬೆಂಗಳೂರಿನಲ್ಲಿಯೂ ಈ ಪರೀಕ್ಷೆಗೆ ಪ್ರಯೋಗಾಲಯವಿದೆ.

ಆದರೆ ಇದು ಶಿಖರ. ತಪ್ಪಲಿನಲ್ಲಿ ನಿಂತಿರುವ ವಿದ್ಯಾರ್ಥಿಗೆ ಅದೇ ಸಂಸ್ಥೆಯ ಸಿ.ಸಿ.ಎನ್.ಎ. ಪರೀಕ್ಷೆ, ಕಾಂಪ್‌ಟಿಯಾದ ಎ-ಪ್ಲಸ್ ಪರೀಕ್ಷೆ, ರೆಡ್ ಹ್ಯಾಟ್ ಸಂಸ್ಥೆಯ ಲಿನಕ್ಸ್ ಪರೀಕ್ಷೆ ಮುಂತಾದವು ಉಂಟು. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರಕ್ಕೆ ಸೇರಿದ ನೀಲಿಟ್ ಸಂಸ್ಥೆಯು ‘ಓ’, ‘ಎ’, ‘ಬಿ’ ಮೊದಲಾದ ಮಟ್ಟಗಳಲ್ಲಿ ಪರೀಕ್ಷೆ ನಡೆಸುತ್ತದೆ.

ಇಂಥ ಪರೀಕ್ಷೆಯಲ್ಲಿ ಏನನ್ನು ಅಳೆಯುತ್ತಾರೆ? ಒಂದು ಲೆಕ್ಕವನ್ನೇ ಮಾಡಿನೋಡೋಣ. ಜಾಲದಲ್ಲಿರುವ ಪ್ರತಿ ಕಂಪ್ಯೂಟರಿಗೂ ಒಂದು ವಿಳಾಸವಿರುತ್ತದೆ. ಈಗಲೂ ವಿಶೇಷ ಬಳಕೆಯಲ್ಲಿರುವ ನಾಲ್ಕನೆಯ ಆವೃತ್ತಿಯಲ್ಲಿ ಅದು 32 ಬಿಟ್‌ಗಳ ದ್ವಿಮಾನ ಸಂಖ್ಯೆ. ಓದುವ ಅನುಕೂಲಕ್ಕಾಗಿ ಅದನ್ನು ನಾಲ್ಕು ತುಂಡುಗಳಾಗಿ ಬರೆಯುತ್ತಾರೆ. 192.168.10.77/27 ಎಂಬ ವಿಳಾಸವನ್ನು ತೆಗೆದುಕೊಳ್ಳಿ. ಓರೆಗೆರೆಯ ಮುಂದಿನ 27, ಮೊದಲ 27 ಬಿಟ್‌ಗಳು ಬೀದಿಯ ಹೆಸರಿನಂತೆ ಎಂದೂ, ಉಳಿದ 5 ಬಿಟ್‌ಗಳು ಮನೆಯ ಸಂಖ್ಯೆಯಂತೆ ಎಂದೂ ತಿಳಿಸುತ್ತದೆ. 77ನ್ನು ದ್ವಿಮಾನದಲ್ಲಿ ಬರೆದರೆ 01001101. ಇದರ ಮೊದಲ ಮೂರು ಅಂಕಿಗಳು ಬೀದಿಗೆ ಸೇರಿದವು: 010, ಎಂದರೆ ಬೆಲೆಯಲ್ಲಿ 64. ಆದ್ದರಿಂದ ಈ ಬೀದಿ 64ರಿಂದ ಆರಂಭವಾಗಿ, ಎರಡರ ಐದನೆಯ ಘಾತವಾದ 32 ಸಂಖ್ಯೆಗಳನ್ನು ಹಿಡಿದು, 95ರಲ್ಲಿ ಮುಗಿಯುತ್ತದೆ. ಮೊದಲನೆಯದು ಬೀದಿಯ ಹೆಸರು. ಕೊನೆಯದು ಬೀದಿಯವರೆಲ್ಲರನ್ನೂ ಒಟ್ಟಿಗೆ ಕೂಗುವ ವಿಳಾಸ. ಇವೆರಡನ್ನು ಕಳೆದರೆ 65ರಿಂದ 94ರವರೆಗೆ 30 ಮನೆಗಳು ಉಳಿಯುತ್ತವೆ.

ಇಷ್ಟನ್ನು ಯಾವ ವಿದ್ಯಾರ್ಥಿಯಾದರೂ ಒಂದು ಸಂಜೆಯಲ್ಲಿ ಕಲಿತಾನು. ಈಗ ಸಮಸ್ಯೆಗೆ ಬರೋಣ. ಈ ಕಂಪ್ಯೂಟರಿಗೆ ವಿಳಾಸ ಕೊಟ್ಟವನು ಅಜಾಗ್ರತೆಯಿಂದ 27ರ ಬದಲು 24 ಎಂದು ಬರೆದಿದ್ದಾನೆ. ಬೀದಿಯ ಬಾಗಿಲಾದ ರೌಟರಿನ ವಿಳಾಸ 192.168.10.65. ಪಕ್ಕದ ಬೀದಿಯಲ್ಲಿ 192.168.10.100 ಎಂಬ ವಿಳಾಸದಲ್ಲಿ ಕಚೇರಿಯ ಕಡತಗಳ ಯಂತ್ರವಿದೆ. ಏನಾಗುತ್ತದೆ?

ವಿಚಿತ್ರವಾದ ಸಂಗತಿ ನಡೆಯುತ್ತದೆ. ಈ ಕಂಪ್ಯೂಟರಿಗೆ ಇಡೀ ಜಗತ್ತಿನ ಅಂತರ್ಜಾಲ ದೊರೆಯುತ್ತದೆ. ಪಕ್ಕದ ಕೋಣೆಯ ಕಡತ ದೊರೆಯುವುದಿಲ್ಲ! 24 ಎಂದು ನಂಬಿದ ಯಂತ್ರಕ್ಕೆ 100 ತನ್ನ ಬೀದಿಯಲ್ಲೇ ಇರುವಂತೆ ತೋರುತ್ತದೆ. ಆದ್ದರಿಂದ ಅದು ರೌಟರನ್ನು ಕೇಳದೆ, “100 ಯಾರು?” ಎಂದು ತನ್ನ ಬೀದಿಯಲ್ಲೇ ಕೂಗುತ್ತದೆ. ಆ ಕೂಗು ರೌಟರನ್ನು ದಾಟಿ ಹೋಗದು. ಬೇರೆಯವರ ಪರವಾಗಿ ಉತ್ತರ ಕೊಡುವ ಏರ್ಪಾಡು ರೌಟರಿನಲ್ಲಿ ಇಲ್ಲದಿದ್ದರೆ ಉತ್ತರವೇ ಬಾರದು. ದೂರದ ವಿಳಾಸಗಳಾದರೋ ಹೊರಗಿನವೆಂದು ಸ್ಪಷ್ಟವಾಗಿರುವುದರಿಂದ ರೌಟರಿನ ಮೂಲಕವೇ ಸುಖವಾಗಿ ಹೋಗುತ್ತವೆ. ತತ್ತ್ವವನ್ನು ಅರಿಯದವನು “ಅಂತರ್ಜಾಲ ಚೆನ್ನಾಗಿದೆ, ಕಡತದ ಯಂತ್ರವೇ ಕೆಟ್ಟಿರಬೇಕು” ಎಂದು ಅದನ್ನು ದಿನವಿಡೀ ಆರಿಸಿ ಹೊತ್ತಿಸಿ ಕಚೇರಿಯ ಕೆಲಸವನ್ನೆಲ್ಲ ನಿಲ್ಲಿಸಿಬಿಡುತ್ತಾನೆ. ಅರಿತವನು ಲಕ್ಷಣವನ್ನು ಕೇಳಿದೊಡನೆ ಓರೆಗೆರೆಯ ಮುಂದಿನ ಸಂಖ್ಯೆಯನ್ನು ನೋಡುತ್ತಾನೆ. ಒಳ್ಳೆಯ ಪರೀಕ್ಷೆಯು ಬೇರ್ಪಡಿಸಬೇಕಾದದ್ದು ಈ ಇಬ್ಬರನ್ನು.

ತೇರ್ಗಡೆಗೆ ಎಷ್ಟು ಅಂಕ ಬೇಕೆಂಬುದನ್ನು ಗೊತ್ತುಮಾಡುವುದರಲ್ಲಿಯೂ ಒಂದು ಶಾಸ್ತ್ರವಿದೆ. ನಮ್ಮ ಶಾಲೆಗಳಲ್ಲಿ ಹಿಂದೆ ಇದ್ದ 35 ಅಂಕಗಳ ವಾಡಿಕೆಯಂತಲ್ಲ ಅದು. ಬಹಳವಾಗಿ ಬಳಕೆಯಲ್ಲಿರುವ ವಿಧಾನಕ್ಕೆ, 1971ರ ಒಂದು ಲೇಖನದಲ್ಲಿ ಅದನ್ನು ಸೂಚಿಸಿದ ವಿಲಿಯಂ ಆ್ಯಂಗಾಫ್ ಎಂಬ ಪರೀಕ್ಷಾತಜ್ಞನ ಹೆಸರಿದೆ. ವೃತ್ತಿಯಲ್ಲಿ ನುರಿತ ಕೆಲವರನ್ನು ಕೂಡಿಸಿ, “ಕೆಲಸಕ್ಕೆ ಸಾಕೆನ್ನುವಷ್ಟು ಮಾತ್ರ ತಿಳಿದವನು ಈ ಪ್ರಶ್ನೆಗೆ ಸರಿಯುತ್ತರ ಕೊಡುವ ಸಂಭವವೆಷ್ಟು?” ಎಂದು ಪ್ರಶ್ನೆಪ್ರಶ್ನೆಗೂ ಕೇಳುತ್ತಾರೆ. ಮೂರು ಪ್ರಶ್ನೆಗಳಿಗೆ ಅವರ ಸರಾಸರಿ ಅಂದಾಜು 0.9, 0.6, 0.3 ಎಂದಾದರೆ ಮೊತ್ತ 1.8, ಮೂರಕ್ಕೆ 1.8, ಎಂದರೆ ನೂರಕ್ಕೆ 60, ತೇರ್ಗಡೆಯ ಗೆರೆ. ಪ್ರಶ್ನೆಗಳು ಕಠಿಣವಾದರೆ ಗೆರೆ ತಾನಾಗಿ ಕೆಳಗಿಳಿಯುತ್ತದೆ. ಬೇರೆಬೇರೆ ಪ್ರಶ್ನಪತ್ರಿಕೆಗಳನ್ನು ಸಮಗೊಳಿಸಲು ಅಂಕಗಳನ್ನು ಒಂದು ಸಾಮಾನ್ಯ ಅಳತೆಗೆ ಮಾರ್ಪಡಿಸುತ್ತಾರೆ. ಆದಕಾರಣ ಮೈಕ್ರೋಸಾಫ್ಟಿನ ಪರೀಕ್ಷೆಗಳಲ್ಲಿ 1000ಕ್ಕೆ 700 ಎಂದರೆ ನೂರಕ್ಕೆ ಎಪ್ಪತ್ತು ಪ್ರಶ್ನೆಗಳಿಗೆ ಉತ್ತರಿಸಿದಂತೆ ಅಲ್ಲ. ಅನೇಕ ವಿದ್ಯಾರ್ಥಿಗಳು ಹಾಗೆಂದು ತಿಳಿದಿದ್ದಾರೆ.

ಇನ್ನು ಸ್ಪೆನ್ಸನ ಮಾತಿಗೆ ಹಿಂದಿರುಗೋಣ. ಕದ್ದ ಪ್ರಶ್ನೆಗಳನ್ನೂ ಉತ್ತರಗಳನ್ನೂ ಮಾರುವ ವ್ಯಾಪಾರವೊಂದು ಈ ಪರೀಕ್ಷೆಗಳ ಬೆನ್ನಿಗೇ ಬೆಳೆದಿದೆ. “ತೇರ್ಗಡೆ ಖಂಡಿತ” ಎಂಬ ಜಾಹೀರಾತುಗಳನ್ನು ನಮ್ಮ ಊರುಗಳ ಬಸ್ ನಿಲ್ದಾಣಗಳಲ್ಲಿಯೂ ಕಾಣಬಹುದು. ಬಾಯಿಪಾಠದಿಂದ ಯಾರಿಗಾದರೂ ಸಿಕ್ಕುವ ಪ್ರಮಾಣಪತ್ರವು ಗುರುತಾಗಿ ಉಳಿಯದು. 1990ರ ದಶಕದ ಕೊನೆಗೆ ಮೈಕ್ರೋಸಾಫ್ಟಿನ ಎಂ.ಸಿ.ಎಸ್.ಇ. ಪ್ರಮಾಣಪತ್ರಕ್ಕೆ ಹೀಗೆಯೇ ಆಗಿ, ಅದನ್ನು ಪಡೆದು ಕೆಲಸ ಬಾರದವರನ್ನು “ಕಾಗದದ ಇಂಜಿನಿಯರುಗಳು” ಎಂದು ಹಾಸ್ಯಮಾಡುತ್ತಿದ್ದರು. ಪ್ರಾಮಾಣಿಕವಾಗಿ ಓದಿ ಪಾಸಾದವರೂ ಆ ಹಾಸ್ಯಕ್ಕೆ ಗುರಿಯಾದರು. ಕದ್ದ ಉತ್ತರದಿಂದ ಕೆಡುವುದು ಕದ್ದವನ ಹೆಸರೊಂದೇ ಅಲ್ಲ.

ರೆಡ್ ಹ್ಯಾಟ್ ಸಂಸ್ಥೆಯು ಇದಕ್ಕೆ ಬೇರೆ ದಾರಿ ಹಿಡಿಯಿತು. ಅವರ ಲಿನಕ್ಸ್ ಪರೀಕ್ಷೆಯಲ್ಲಿ ಉತ್ತರ ಆರಿಸುವ ಪ್ರಶ್ನೆಗಳಿಲ್ಲ. ಯಂತ್ರದ ಮೇಲೆ ಕೆಲಸ ಮಾಡಿ ತೋರಿಸಬೇಕು. ಯಂತ್ರವನ್ನು ಆರಿಸಿ ಮತ್ತೆ ಆರಂಭಿಸಿದ ಮೇಲೂ ಅಭ್ಯರ್ಥಿಯ ಏರ್ಪಾಡುಗಳು ನಿಂತಿರಬೇಕು. ಸೇವೆಯೊಂದನ್ನು ‘ಸ್ಟಾರ್ಟ್’ ಮಾಡಿ, ‘ಎನೇಬಲ್’ ಮಾಡಲು ಮರೆತವನ ಶ್ರಮವೆಲ್ಲ ಆ ಕ್ಷಣದಲ್ಲಿ ಮಾಯವಾಗುತ್ತದೆ. ಕ್ರೂರವೆನಿಸಬಹುದು, ಆದರೆ ನಿಜವಾದ ಕಚೇರಿಯಲ್ಲಿ ವಿದ್ಯುತ್ತು ಹೋಗಿ ಬಂದಾಗ ನಡೆಯುವುದೂ ಇದೇ.

ಹಣದ ಮಾತನ್ನು ಮುಚ್ಚಿಡಬಾರದು. 2020ರ ಫೆಬ್ರವರಿಯಲ್ಲಿ ಸಿ.ಸಿ.ಎನ್.ಎ. ಹೊಸ ರೂಪದಲ್ಲಿ ಬಂದಾಗ ಅದರ ಶುಲ್ಕ 300 ಡಾಲರುಗಳಾಗಿದ್ದಿತು. ರೈತನೊಬ್ಬನ ಮನೆಗೆ ಇದು ಸಣ್ಣ ಮೊತ್ತವಲ್ಲ. ಅಲ್ಲದೆ ಈ ಪ್ರಮಾಣಪತ್ರಗಳಿಗೆ ಆಯುಷ್ಯವೂ ಉಂಟು: ಸಿಸ್ಕೋ ಮತ್ತು ರೆಡ್ ಹ್ಯಾಟ್‌ಗಳವು ಮೂರು ವರ್ಷಕ್ಕೆ ಮುಗಿಯುತ್ತವೆ. ಎಂ.ಸಿ.ಎಸ್.ಇ.ಯನ್ನು 2021ರ ಜನವರಿಯಲ್ಲಿ ನಿಲ್ಲಿಸಿಯೇಬಿಟ್ಟರು. ಅದಕ್ಕೂ ಹಿಂದೆ ಬಹು ಬೇಡಿಕೆಯಲ್ಲಿದ್ದ ನೋವೆಲ್ ಸಂಸ್ಥೆಯ ಪ್ರಮಾಣಪತ್ರವು ಅವರ ನೆಟ್‌ವೇರ್ ತಂತ್ರಾಂಶದೊಡನೆಯೇ ಅಸ್ತಮಿಸಿತು. ಆದರೆ ಮೇಲೆ ಮಾಡಿದ ಬೀದಿಯ ಲೆಕ್ಕವನ್ನು ನೋಡಿ: 1985ರಲ್ಲಿ ರೂಢಿಗೆ ಬಂದು, 1993ರಲ್ಲಿ ಸುಧಾರಣೆಗೊಂಡು, ಇಂದಿಗೂ ಹಾಗೆಯೇ ನಡೆದಿದೆ. ಶುಲ್ಕ ಕಟ್ಟುವ ಮುನ್ನ ಪಠ್ಯಕ್ರಮದಲ್ಲಿ ತತ್ತ್ವವೆಷ್ಟು, ಒಂದು ಸಂಸ್ಥೆಯ ಗುಂಡಿಗಳನ್ನು ಒತ್ತುವ ವಿವರವೆಷ್ಟು ಎಂದು ಎಣಿಸಿ ನೋಡುವುದು ಲೇಸು. ಮೊದಲನೆಯ ಪರೀಕ್ಷೆಗೆ ಜಾಲದ ಅಥವಾ ಲಿನಕ್ಸಿನ ಅಡಿಪಾಯವನ್ನೇ ಆರಿಸಿಕೊಳ್ಳಬೇಕೆಂದು ನನ್ನ ಅಭಿಪ್ರಾಯ. ಕೆಲಸಕ್ಕೆ ಸೇರಿ, ಎರಡನೆಯದರ ವೆಚ್ಚವನ್ನು ಸಂಸ್ಥೆಯೇ ಭರಿಸುವಂತಾದರೆ ಇನ್ನೂ ಒಳ್ಳೆಯದು. ಅನೇಕ ಸಂಸ್ಥೆಗಳು ಭರಿಸುತ್ತವೆ.

ಅಭ್ಯಾಸಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ಒಂದು ಹಳೆಯ ಕಂಪ್ಯೂಟರು ಸಾಕು. ಲಿನಕ್ಸ್ ಬೆಲೆಯಿಲ್ಲದೆ ದೊರೆಯುತ್ತದೆ. ಒಂದು ಯಂತ್ರದೊಳಗೇ ಹಲವು ಯಂತ್ರಗಳನ್ನು ಕಲ್ಪಿಸುವ ವರ್ಚುಯಲ್‌ಬಾಕ್ಸ್ ಕೂಡ ಹಾಗೆಯೇ. ಸಿಸ್ಕೋದವರ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶದಲ್ಲಿ ರೌಟರುಗಳನ್ನು ತೆರೆಯ ಮೇಲೆಯೇ ಜೋಡಿಸಬಹುದು. ಮೇಲೆ ಹೇಳಿದ 24ರ ತಪ್ಪನ್ನು ಅದರಲ್ಲಿ ಬೇಕೆಂದೇ ಮಾಡಿ, ಕೂಗು ಎಲ್ಲಿ ನಿಲ್ಲುವುದೆಂದು ಕಣ್ಣಾರೆ ನೋಡಬಹುದು.

ಅದಕ್ಕೆ ಮೊದಲು ಕಾಗದದ ಮೇಲೆ ಇದನ್ನು ಬಿಡಿಸಿರಿ. ಒಂದು ಯಂತ್ರದ ವಿಳಾಸ 172.16.5.200/28, ಅದರ ರೌಟರಿನ ವಿಳಾಸವನ್ನು 172.16.5.208 ಎಂದು ಬರೆದಿದ್ದಾರೆ. ಇದು ಸರಿಯೆ? ಸರಿಯಲ್ಲವಾದರೆ, ಬೀದಿಯ ಯಾವ ಯಾವ ಸಂಖ್ಯೆಗಳನ್ನು ರೌಟರಿಗೆ ಕೊಡಬಹುದು? 200ನ್ನು ದ್ವಿಮಾನದಲ್ಲಿ ಬರೆದುಕೊಂಡು, ಎಡಗಡೆಯ ನಾಲ್ಕು ಅಂಕಿಗಳ ಕೆಳಗೆ ಗೆರೆ ಎಳೆದು ಆರಂಭಿಸಿ.