ಇಸ್ಪೀಟಿನ ಪುಸ್ತಕವೂ ಅಪ್ಪನ ಮುನಿಸೂ

ಪ್ರಶ್ನೆ: ನನಗೆ 26 ವರ್ಷ, ಸಹಕಾರಿ ಸಂಘವೊಂದರಲ್ಲಿ ಗುಮಾಸ್ತ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಎಸ್. ಡಬ್ಲ್ಯೂ. ಅರ್ಡ್ನೇಸ್ ಬರೆದ ‘ದಿ ಎಕ್ಸ್‌ಪರ್ಟ್ ಅಟ್ ದಿ ಕಾರ್ಡ್ ಟೇಬಲ್’ ಪುಸ್ತಕದ ಹಳೆಯ ಪ್ರತಿ ಸಿಕ್ಕಿತು. ಆ ಮುದ್ರಣ ಈಗ ಬರುತ್ತಿಲ್ಲ, ಕೆಲವು ಹಾಳೆಗಳೂ ಕಿತ್ತುಹೋಗಿವೆ. ಎಂಟು ತಿಂಗಳಿಂದ ರಾತ್ರಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೇನೆ. ಇಂಗ್ಲಿಷ್ ತಲೆಗೆ ಹತ್ತುವುದಿಲ್ಲ, ಕೈ ಪಳಗುತ್ತಿಲ್ಲ, ಒಂದು ಜಾದೂ ಕೂಡ ಬಂದಿಲ್ಲ. ಅಪ್ಪ ‘ಇಸ್ಪೀಟ ಹಿಡದಾವ ಉದ್ಧಾರ ಆಗೂದಿಲ್ಲ’ ಎಂದು ಮಾತು ಬಿಟ್ಟಿದ್ದಾರೆ. ಬಿಟ್ಟುಬಿಡಲೇ?
— ಹೆಸರು ಬೇಡ, ಗದಗ

ಉತ್ತರ: ಬಿಡಬೇಡಿ. ಆ ಪುಸ್ತಕವನ್ನು ಮೊದಲ ಪುಟದಿಂದ ಸಾಲಾಗಿ ಕಲಿಯುವುದನ್ನು ಮಾತ್ರ ಇವತ್ತೇ ಬಿಡಿ.

ಅದು 1902ರಲ್ಲಿ ಷಿಕಾಗೊದಲ್ಲಿ ಹೊರಬಂದದ್ದು. ಅರ್ಡ್ನೇಸ್ ಎಂಬುದು ಗುಪ್ತನಾಮ. ಬರೆದವನು ಯಾರೆಂದು ಇಂದಿಗೂ ಖಚಿತವಾಗಿಲ್ಲ. ತನಗೆ ಹಣ ಬೇಕಿತ್ತು ಎಂದು ಮುನ್ನುಡಿಯಲ್ಲಿ ಅವನೇ ಹೇಳಿಕೊಂಡಿದ್ದಾನೆ. ಮೊದಲ ದೊಡ್ಡ ಭಾಗವೆಲ್ಲ ಹಣ ಕಟ್ಟಿ ಆಡುವ ಮೇಜಿನ ಮೋಸ: ಕಟ್ಟಿನ ಅಡಿಯಿಂದ ಎಲೆ ಹಂಚುವುದು, ಎದುರಿನವರು ಕಟ್ ಮಾಡಿದ್ದನ್ನು ಕಾಣದಂತೆ ಮೊದಲಿನ ಹಾಗೆ ಮಾಡುವುದು, ಕಲೆಸಿದಂತೆ ತೋರಿಸಿ ಕಲೆಸದಿರುವುದು. ಜಾದೂಗಾರರ ಕೈಚಳಕ ಅದಾದ ಮೇಲೆ, ಆಟಗಳು ಕಟ್ಟಕಡೆಗೆ. ನೀವು ಎಂಟು ತಿಂಗಳು ಗುದ್ದಾಡಿದ್ದು ಜೂಜುಕೋರರ ಪಟ್ಟುಗಳ ಜೊತೆ. ಅವುಗಳಲ್ಲಿ ಕೆಲವು ವರ್ಷಗಟ್ಟಲೆ ಬೇಡುವಂಥವು. ನಿಮ್ಮ ಕೈಯಲ್ಲಿ ದೋಷವಿಲ್ಲ.

ಕಲೆಸುವುದರಿಂದ ಶುರು ಮಾಡಿ. ಯಾರಿಗಾದರೂ ಒಂದು ಎಲೆ ತೆಗೆದು ನೋಡಲು ಹೇಳಿ, ಅದನ್ನು ಕಟ್ಟಿನ ಮೇಲೆ ಇಡಿಸಿ. ಕೆಳಗಿನ ಅರ್ಧವನ್ನು ಬಲಗೈಯಲ್ಲಿ ಎತ್ತಿಕೊಂಡು, ಎಡ ಹೆಬ್ಬೆರಳಿನಿಂದ ಮೊದಲು ಒಂದೇ ಒಂದು ಎಲೆಯನ್ನು ಅವರ ಎಲೆಯ ಮೇಲೆ ಎಳೆದುಕೊಳ್ಳಿ. ಅದು ನಿಮ್ಮ ಮೈ ಕಡೆಗೆ ಅರ್ಧ ಸೆಂಟಿಮೀಟರಿನಷ್ಟು ಚಾಚಿರಲಿ. ಉಳಿದದ್ದನ್ನು ಅದರ ಮೇಲೆ ಕಲೆಸಿಬಿಡಿ, ಸ್ವಲ್ಪ ಅಡ್ಡಾದಿಡ್ಡಿಯಾಗಿಯೇ ಬೀಳಲಿ. ಅಂಚು ನೇರವಿಲ್ಲದ ಕಟ್ಟಿನಲ್ಲಿ ಚಾಚಿದ ಎಲೆ ಯಾರ ಕಣ್ಣಿಗೂ ಬೀಳದು. ಆಮೇಲೆ ಬಲ ಹೆಬ್ಬೆರಳಿನಿಂದ ಆ ಎಲೆಯನ್ನು ತಡವಿ ಗುರುತಿಸಿ, ಅದರ ಕೆಳಗಿರುವ ಅಷ್ಟನ್ನೂ ಎತ್ತಿ ಮೇಲೆ ಹಾಕಿ. ಅವರ ಎಲೆ ಮತ್ತೆ ಮೇಲಕ್ಕೆ ಬಂತು. ಅರ್ಡ್ನೇಸ್ ‘ಜಾಗ್’ ಎನ್ನುವುದು ಇದನ್ನೇ, ಹೀಗೆ ಚಾಚಿದ ಎಲೆಯನ್ನು. ಇಷ್ಟು ಕೈಗೆ ಹತ್ತಿದರೆ ನಿಮ್ಮ ಬಳಿ ಒಂದಲ್ಲ, ಹತ್ತಾರು ಆಟಗಳಿವೆ: ಅವರ ಎಲೆ ಎಲ್ಲಿದೆ ಎಂದು ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ.

ಅಭ್ಯಾಸವನ್ನು ಕನ್ನಡಿಯ ಮುಂದೆ ಮಾತ್ರ ಮಾಡಬೇಡಿ. ಗುಟ್ಟಿನ ಕ್ಷಣದಲ್ಲಿ ನಮಗೆ ಅರಿವಿಲ್ಲದೆ ರೆಪ್ಪೆ ಮುಚ್ಚುತ್ತದೆ, ತಪ್ಪು ಕಾಣುವುದೇ ಇಲ್ಲ. ಮೊಬೈಲಿನಲ್ಲಿ ಚಿತ್ರೀಕರಿಸಿ ನೋಡಿ. ಕೈ ಚಿಕ್ಕದಾಗಿದ್ದರೆ 63 ಮಿಲಿಮೀಟರ್ ಅಗಲದ ಪೋಕರ್ ಎಲೆ ಬಿಟ್ಟು 57ರ ಬ್ರಿಜ್ ಎಲೆ ಕೊಳ್ಳಿ.

ಇನ್ನು ನಿಮ್ಮ ತಂದೆ. ಅವರನ್ನು ಹಳೇ ಕಾಲದವರು ಎಂದು ತಳ್ಳಿಹಾಕಬೇಡಿ. ಅಂದರ್‌ ಬಾಹರ್‌ಗೆ ಕೂತು ಹೊಲ ಮಾರಿಕೊಂಡವರು, ದೀಪಾವಳಿಯ ರಾತ್ರಿ ಪೊಲೀಸರ ಕೈಗೆ ಸಿಕ್ಕವರು ನಮ್ಮ ಊರುಗಳಲ್ಲಿ ಇದ್ದೇ ಇದ್ದಾರೆ. ಮಗ ಬಾಗಿಲು ಹಾಕಿಕೊಂಡು ಎಲೆ ಹಿಡಿದಿದ್ದಾನೆ ಎಂದರೆ ಯಾವ ತಂದೆಗೂ ಎದೆ ಧಸಕ್ಕೆನ್ನುತ್ತದೆ. ಅದೂ ಅಲ್ಲದೆ ನಿಮ್ಮ ಕೈಯಲ್ಲಿರುವ ಪುಸ್ತಕದ ಅರ್ಧ ನಿಜಕ್ಕೂ ಜೂಜಿನ ಮೋಸವೇ. ಮೊದಲು ಬಾಗಿಲು ತೆರೆಯಿರಿ, ಪಡಸಾಲೆಯಲ್ಲಿ ಕೂತು ಕಲಿಯಿರಿ. ಹಣ ಕಟ್ಟಿ ಆಡುವ ಕಡೆ ಒಮ್ಮೆಯೂ ಕೂರುವುದಿಲ್ಲ ಎಂದು ಅವರಿಗೆ ಮಾತು ಕೊಡಿ, ಆ ಮಾತನ್ನು ಉಳಿಸಿಕೊಳ್ಳಿ. ಈ ಪಟ್ಟುಗಳನ್ನು ಅಭ್ಯಾಸ ಮಾಡುವವನು ಸ್ನೇಹಿತರೊಡನೆ ಹತ್ತು ರೂಪಾಯಿಗೂ ಆಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೊದಲ ಆಟವನ್ನು ಅಪ್ಪನಿಗೇ ತೋರಿಸಿ. ಅವರು ಹಿಡಿದುಬಿಟ್ಟರೂ ಪರವಾಗಿಲ್ಲ; ಎಲ್ಲಿ ಹಿಡಿದಿರಿ ಎಂದು ಕೇಳಿ ತಿದ್ದಿಕೊಳ್ಳಿ.

ಎಂಟು ತಿಂಗಳಲ್ಲಿ ನಿಮ್ಮ ಕೈಯನ್ನು ಇನ್ನೊಬ್ಬರು ನೋಡೇ ಇಲ್ಲ. ನನಗೆ ಎಲ್ಲಕ್ಕಿಂತ ಬೇಸರ ತಂದದ್ದು ಇದು. ಒಟ್ಟಾವದಲ್ಲಿ 1894ರಲ್ಲಿ ಹುಟ್ಟಿದ ಜಾದೂಗಾರ ಡೈ ವರ್ನನ್ ಹುಡುಗನಾಗಿದ್ದಾಗಲೇ ಈ ಪುಸ್ತಕವನ್ನು ಅರೆದು ಕುಡಿದವರು. 1922ರಲ್ಲಿ ಹುಡಿನಿಯನ್ನೇ ಒಂದು ಎಲೆಯಾಟದಲ್ಲಿ ಕಕ್ಕಾಬಿಕ್ಕಿ ಮಾಡಿದವರು. ಅಂಥವರು ಕೂಡ, ಕಟ್ಟಿನ ನಡುವಿನಿಂದ ಎಲೆ ಹಂಚುವವನೊಬ್ಬ ಇದ್ದಾನೆ ಎಂದು ಕೇಳಿ, ಅವನ ಕೈ ನೋಡಲೆಂದೇ ಮಿಸೌರಿಯವರೆಗೆ ಹುಡುಕಿಕೊಂಡು ಹೋದರು. ನೀವು ಹುಬ್ಬಳ್ಳಿ-ಧಾರವಾಡದವರೆಗೆ ಹೋಗಬಹುದಲ್ಲ? ಶಾಲೆಗಳಲ್ಲಿ, ಹುಟ್ಟುಹಬ್ಬಗಳಲ್ಲಿ ಜಾದೂ ತೋರಿಸುವವರು ಯಾರಾದರೂ ಸಿಕ್ಕರೆ ಒಂದು ಭಾನುವಾರ ಎದುರು ಕೂತು ನೋಡಿ, ನಿಮ್ಮದನ್ನೂ ತೋರಿಸಿ.

ಕಿತ್ತುಹೋದ ಹಾಳೆಗಳಿಗೆ ಚಿಂತೆ ಬೇಡ. ನಿಮ್ಮ ಮುದ್ರಣ ನಿಂತಿರಬಹುದು, ಪುಸ್ತಕ ನಿಂತಿಲ್ಲ. ಡೋವರ್ ಪ್ರಕಾಶನ 1995ರಲ್ಲಿ ಅದನ್ನು ಮರುಮುದ್ರಿಸಿದೆ. ಆದರೆ ಈಗ ಹಣ ಹಾಕುವುದಾದರೆ ಹ್ಯೂಗಾರ್ಡ್ ಮತ್ತು ಬ್ರೌ ಬರೆದ ‘ದಿ ರಾಯಲ್ ರೋಡ್ ಟು ಕಾರ್ಡ್ ಮ್ಯಾಜಿಕ್’ಗೆ ಹಾಕಿ. ಅದು ಕಲೆಸುವುದರಿಂದಲೇ ಆರಂಭವಾಗುತ್ತದೆ, ಒಂದು ಪಟ್ಟು ಹೇಳಿಕೊಟ್ಟು ಕೂಡಲೇ ಅದರಿಂದ ಮಾಡಬಹುದಾದ ಆಟಗಳನ್ನೂ ಕೊಡುತ್ತದೆ. ಅದು ಅರ್ಧ ಮುಗಿದ ಮೇಲೆ ಅರ್ಡ್ನೇಸ್‌ಗೆ ಮರಳಿ, ಆಗ ಕೊನೆಯ ಭಾಗದಿಂದ ಓದಿ.